ಮನಸ್ಸನ್ನು ಓದುವುದು ಮಿಥ್ಯಾತ್ವವೇ?

ಪದವಿ ತರಗತಿಗಳ ಪ್ರವೇಶದ ದಿನಗಳಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ನಡೆದ ಒಂದು ಚರ್ಚೆಗೆ ನಾನು ಸಾಕ್ಷಿಯಾಗಿದ್ದೆ. ವಾಣಿಜ್ಯಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡ ಮಗಳು ಮನಃಶಾಸ್ತ್ರವನ್ನು ಮೈನರ್, ಅಂದರೆ ಉಪವಿಷಯವಾಗಿ ಓದಬೇಕೆಂದು ಬಯಸಿದ್ದಳು. "ಅಂಗಡಿಯ ಲೆಕ್ಕಕ್ಕೆ ಅದು ಬೇಕೇ?" ಎಂದರು ತಂದೆ. "ಹುಚ್ಚರ ವಿದ್ಯೆ ಓದಿದವಳಿಗೆ ಸಂಬಂಧ ಕೂಡಿಬರುವುದು ಕಷ್ಟ" ಎಂದರು ಚಿಕ್ಕಪ್ಪ. ಸ್ವಾಧ್ಯಾಯಶೀಲರಾದ ಅಜ್ಜನವರು, "ಮನಸ್ಸಿನ ವಿಚಾರವೆಲ್ಲ ನಮ್ಮ ಶಾಸ್ತ್ರದಲ್ಲೇ ಇದೆಯಮ್ಮಾ, ಹೊರಗೆ ಹುಡುಕುವುದೇಕೆ?" ಎಂದರು. ಹುಡುಗಿ ಮರುಮಾತಾಡದೆ ಅರ್ಜಿಯಲ್ಲಿ ಬೇರೊಂದು ವಿಷಯವನ್ನು ಬರೆದಳು.

ಈ ಮೂರು ಮಾತುಗಳೂ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವಂಥವು. ಮೂರೂ ತಪ್ಪು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ತಂದೆಯ ಮಾತನ್ನು ಮೊದಲು ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪಠ್ಯಕ್ರಮದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳ ಪೈಕಿ ಉಪವಿಷಯಕ್ಕೆ ಮೀಸಲಾದುದು 24. ಮುಖ್ಯ ವಿಷಯಕ್ಕೆ ಇದರಿಂದ ಯಾವ ಹಾನಿಯೂ ಇಲ್ಲ. ಇನ್ನು ವ್ಯಾಪಾರಕ್ಕೂ ಮನಸ್ಸಿಗೂ ಸಂಬಂಧವಿಲ್ಲವೆನ್ನುವವರು, ಲಾಭನಷ್ಟಗಳ ಎದುರು ಮನುಷ್ಯನು ಹೇಗೆ ನಿರ್ಧಾರ ಮಾಡುತ್ತಾನೆಂಬುದನ್ನು ಶೋಧಿಸಿದ ಡೇನಿಯಲ್ ಕಾನಮನ್ ಎಂಬ ಮನಃಶಾಸ್ತ್ರಜ್ಞನಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದುದನ್ನು ನೆನೆಯಲಿ.

ಚಿಕ್ಕಪ್ಪನವರ ಮಾತು ಹೆಚ್ಚು ಕ್ರೂರವಾದುದು. ಸ್ಮೃತಿ, ಕಲಿಕೆ, ಇಂದ್ರಿಯಗ್ರಹಣ, ಶಿಶುವಿನ ಬೆಳವಣಿಗೆ ಇವೆಲ್ಲ ಮನಃಶಾಸ್ತ್ರದ ವಿಷಯಗಳೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಈ ವಿಭಾಗ ಆರಂಭವಾದುದು 1924ರಲ್ಲಿ. ನೂರು ವರ್ಷಗಳಿಂದ ನಮ್ಮ ನಾಡಿನಲ್ಲಿ ಬೋಧಿಸಲ್ಪಡುತ್ತಿರುವ ವಿದ್ಯೆ ನಮಗೆ ಇನ್ನೂ ಅಪರಿಚಿತವೆಂದರೆ ದೋಷ ಯಾರದು? ಮಾನಸಿಕ ರೋಗವೂ ಇದರ ಒಂದು ಭಾಗವೆಂಬುದು ನಿಜ. ಆದರೆ ಆ ರೋಗ ನಮ್ಮ ಮನೆಗಳಲ್ಲಿ ಇಲ್ಲವೇ? ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಜೈನರ ಮನೆಯ ಹೊಸ್ತಿಲನ್ನು ಈ ಕಷ್ಟ ದಾಟುವುದಿಲ್ಲವೆಂದು ನಂಬುವುದು ಮೂಢತೆ.

ಜ್ವರವೂ ಅಸಾತಾವೇದನೀಯ ಕರ್ಮದ ಉದಯದಿಂದಲೇ ಬರುತ್ತದೆಂದು ನಾವು ನಂಬುತ್ತೇವೆ. ಆದರೂ ವೈದ್ಯರ ಬಳಿಗೆ ಹೋಗುತ್ತೇವೆ. ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಅನ್ನ ಸೇರದೆ ಮೂಲೆ ಹಿಡಿದ ಸೊಸೆಯನ್ನು ಕಂಡಾಗ ಮಾತ್ರ "ಕರ್ಮೋದಯ, ಯಾರೇನು ಮಾಡುವುದು?" ಎಂದು ಕೈಚೆಲ್ಲುತ್ತೇವೆ. ದೇಹದ ನೋವಿಗೆ ಪುರುಷಾರ್ಥ, ಮನಸ್ಸಿನ ನೋವಿಗೆ ಕರ್ಮಸಿದ್ಧಾಂತ! ಇದು ಧರ್ಮವಲ್ಲ, ನಾಲ್ಕು ಜನ ಏನೆನ್ನುವರೋ ಎಂಬ ಭಯಕ್ಕೆ ತೊಡಿಸಿದ ಧರ್ಮದ ವೇಷ.

ಅಜ್ಜನವರ ಮಾತು ಗೌರವಾರ್ಹವಾದುದು. ಆದುದರಿಂದಲೇ ಗಂಭೀರ ಉತ್ತರಕ್ಕೆ ಅರ್ಹವಾದುದು. ಅವಗ್ರಹ, ಈಹಾ, ಅವಾಯ, ಧಾರಣೆಗಳೆಂದು ಮತಿಜ್ಞಾನದ ಹಂತಗಳನ್ನು ವಿಂಗಡಿಸಿದ ಪರಂಪರೆ ನಮ್ಮದು. ನಾಲ್ಕು ಕಷಾಯಗಳನ್ನೂ ಆರು ಲೇಶ್ಯೆಗಳನ್ನೂ ಆರ್ತ-ರೌದ್ರ ಧ್ಯಾನಗಳನ್ನೂ ಆಚಾರ್ಯರು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಆದರೆ ಆ ವಿವೇಚನೆಯ ಗುರಿ ಮೋಕ್ಷ. ಪರೀಕ್ಷೆಯ ಭಯದಿಂದ ಕೈನಡುಗುವ ಬಾಲಕನಿಗೆ ಯಾವ ಅಭ್ಯಾಸದಿಂದ ಎಷ್ಟು ಉಪಶಮನವಾಗುತ್ತದೆಂಬುದನ್ನು ಪ್ರಯೋಗದಿಂದ ಅಳೆಯುವುದು ಬೇರೆಯೇ ಕಾರ್ಯ. ಅದೊಂದು ನಯ, ಇದೊಂದು ನಯ. ಒಂದನ್ನೇ ಹಿಡಿದು ಮತ್ತೊಂದನ್ನು ತಿರಸ್ಕರಿಸುವುದು ದುರ್ನಯವೆಂದು ಕಲಿಸಿದ ಅನೇಕಾಂತವಾದಿಗಳು ನಾವೇ ಅಲ್ಲವೇ? ಎರಡನ್ನೂ ಓದಿದ ಮಗಳು ಮುಂದೆ ಪಾಠಶಾಲೆಯಲ್ಲಿ ಕಷಾಯಗಳ ಪಾಠವನ್ನು ನಮಗಿಂತ ಚೆನ್ನಾಗಿ ಹೇಳಬಲ್ಲಳು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಉಪವಿಷಯವಾಗಿ ಓದಿದ ಮಾತ್ರಕ್ಕೆ ಯಾರೂ ಚಿಕಿತ್ಸಕರಾಗುವುದಿಲ್ಲ. ಅದಕ್ಕೆ ಸ್ನಾತಕೋತ್ತರ ಅಧ್ಯಯನ, ತರಬೇತಿ, ನೋಂದಣಿಗಳು ಬೇಕು. ಅರೆಬರೆ ತಿಳಿದು ಉಪದೇಶಕ್ಕಿಳಿಯುವುದೂ ಹಿಂಸೆಯೇ. ಈ ಅಲ್ಪ ಅಧ್ಯಯನದಿಂದ ದೊರೆಯುವುದು ಬೇರೊಂದು ಲಾಭ: ನೋವನ್ನು ಗುರುತಿಸುವ ಕಣ್ಣು, ನಿಂದಿಸದೆ ಕೇಳುವ ಕಿವಿ, ಯೋಗ್ಯರ ಬಳಿಗೆ ಕರೆದೊಯ್ಯುವ ವಿವೇಕ. ಒಂದು ಮನೆಗೆ ಇಂತಹ ಒಬ್ಬರಿದ್ದರೂ ಸಾಕು.

ಕೊನೆಯದಾಗಿ, ಬಸದಿಗಳ ಆಡಳಿತ ಮಂಡಳಿಯವರಲ್ಲಿ ಒಂದು ಪ್ರಶ್ನೆ. ನಿಮ್ಮ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ಲೆಕ್ಕಪರಿಶೋಧನೆಗಳ ಆಚೆಗೆ ಏನಿದೆ? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಪ್ರತಿವರ್ಷ ಪ್ರವಚನದಲ್ಲಿ ಕೇಳುತ್ತೇವೆ. ಮನಃಶಾಸ್ತ್ರ ಓದಬಯಸುವ ವಿದ್ಯಾರ್ಥಿನಿಗೆ ನೀಡುವ ನೆರವಿನಲ್ಲಿ ಶಾಸ್ತ್ರದಾನವೂ ಇದೆ, ಮುಂದೊಂದು ದಿನ ಅವಳ ಮುಂದೆ ಕಣ್ಣೀರಿಡುವವರಿಗೆ ಸಲ್ಲುವ ಅಭಯದಾನವೂ ಇದೆ. ಧರ್ಮಬಂಧುಗಳೇ, ಬರುವ ವರ್ಷದ ಅರ್ಜಿಗಳು ಬರುವ ಮುನ್ನವೇ ಆ ಪಟ್ಟಿಯನ್ನು ತಿದ್ದಿರಿ. ಮನೆಯ ಹಿರಿಯರೇ, ಮಗಳು ಅರ್ಜಿ ತುಂಬುವಾಗ ಅವಳ ಕೈ ತಡೆಯಬೇಡಿರಿ.