'ಬರೀ ನಾಯಿ ತಾನೆ' ಎನ್ನಬೇಡಿ

ಆರೋಗ್ಯದ ಅಂಕಣದಲ್ಲಿ ನಾಯಿಗೇನು ಕೆಲಸ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ನಾನು ಪಶುವೈದ್ಯನಲ್ಲ, ಮನುಷ್ಯರಿಗೆ ಔಷಧಿ ಬರೆದುಕೊಡುವ ಸಾಮಾನ್ಯ ವೈದ್ಯ. ಆದರೆ ಇಷ್ಟು ವರ್ಷ ಕ್ಲಿನಿಕ್ಕಿನಲ್ಲಿ ಕುಳಿತ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. 'ಮನೆಯಲ್ಲಿ ಯಾರ್‍ಯಾರು ಇದ್ದೀರಿ?' ಎಂದು ರೋಗಿಯನ್ನು ಕೇಳುವಾಗ ನಾಯಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಕೆಂದರೆ ಆ ಮನೆಯವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ದೂರ ನಡೆಯುತ್ತಾರೆ, ದಿನಕ್ಕೆ ಎಷ್ಟು ಜನರೊಡನೆ ಮಾತನಾಡುತ್ತಾರೆ ಎಂಬುದೆಲ್ಲ ಅನೇಕ ಸಲ ಆ ನಾಲ್ಕು ಕಾಲಿನ ಸದಸ್ಯನನ್ನು ಅವಲಂಬಿಸಿರುತ್ತದೆ. ಅದು ಇರುವಾಗ ಆರೋಗ್ಯಕ್ಕೆ ಎಷ್ಟು ಒಳ್ಳೆಯದೋ, ಅದು ಹೋದಾಗ ಅಷ್ಟೇ ಪೆಟ್ಟು.

ಈ ನಂಟು ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಸಮಾಧಿ ಸಿಕ್ಕಿತು. ಸುಮಾರು 14 ಸಾವಿರ ವರ್ಷ ಹಳೆಯದಾದ ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಮತ್ತು ಒಂದು ನಾಯಿಮರಿಯ ಎಲುಬುಗಳಿದ್ದವು. ಮರಿಗೆ ಏಳು ತಿಂಗಳು ತುಂಬಿರಬಹುದು. ಅದರ ಹಲ್ಲುಗಳನ್ನು ಪರೀಕ್ಷಿಸಿದ ತಜ್ಞರು, ಅದಕ್ಕೆ ಡಿಸ್ಟೆಂಪರ್ ಕಾಯಿಲೆ ಬಂದಿದ್ದಿರಬೇಕು, ಯಾರೋ ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು 2018ರಲ್ಲಿ ತಿಳಿಸಿದರು. ಬೇಟೆಗೂ ಕಾವಲಿಗೂ ಬಾರದ ಕಾಯಿಲೆಯ ಮರಿಗೆ ನೀರು ಕುಡಿಸುತ್ತಾ ಕುಳಿತ ಆ ಮನುಷ್ಯ, ಇಂದು ಪಶು ಆಸ್ಪತ್ರೆಯ ಬೆಂಚಿನ ಮೇಲೆ ಟವೆಲ್ಲಿನಲ್ಲಿ ಮರಿ ಸುತ್ತಿಕೊಂಡು ಕುಳಿತವರ ಪೂರ್ವಿಕನೇ ಸರಿ.

ನಮ್ಮ ನಾಡಿನ ಮಾತಿಗೆ ಬಂದರೆ, ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಬೇಕು. ಕ್ರಿ.ಶ. 949-50ರ ಕಾಲದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನೆಡಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿಗಾಗಿ ಅತ್ತವರನ್ನು ನೋಡಿ ನಗುವವರು ಒಮ್ಮೆ ಆ ಕಲ್ಲಿನ ಮುಂದೆ ನಿಂತು ಬರಬೇಕು.

ನಡಿಗೆಯ ಗೆಳೆತನ

ಯಾವುದೇ ಬಡಾವಣೆಯಲ್ಲಿ ಬೆಳಗಿನ ಆರು ಗಂಟೆಗೆ ರಸ್ತೆಗೆ ಬಂದು ನೋಡಿ. ನಾಯಿ ಹಿಡಿದುಕೊಂಡು ಹೊರಟವರದೇ ಒಂದು ಸಣ್ಣ ಸಂಘ ಇರುತ್ತದೆ. ಅದಕ್ಕೆ ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಒಬ್ಬರಿಗೊಬ್ಬರ ಹೆಸರು ಗೊತ್ತಿರುವುದೂ ಅಪರೂಪ. 'ಟಾಮಿ ಅಪ್ಪ', 'ರಾಣಿ ಅಜ್ಜಿ' ಎಂದೇ ಪರಿಚಯ. ಮರಿ ಮೊದಲ ಬಾರಿಗೆ ಮೆಟ್ಟಿಲು ಹತ್ತಿದ್ದು, ಹೊಸ ಚಪ್ಪಲಿ ಚಿಂದಿ ಮಾಡಿದ್ದು, ಕೆಲಸದಿಂದ ಬರುವ ಮಗನ ಸ್ಕೂಟರ್ ಸದ್ದನ್ನು ಎರಡು ಬೀದಿ ಆಚೆಯಿಂದಲೇ ಗುರುತಿಸಿದ್ದು ಎಲ್ಲವೂ ಅಲ್ಲಿ ಸುದ್ದಿ. ಬೇರೆ ಯಾರಿಗಾದರೂ ಹೇಳಿದರೆ 'ಸರಿ, ಸರಿ' ಎಂದು ಗಡಿಯಾರ ನೋಡುತ್ತಾರೆ. ಇಲ್ಲಿ ಮಾತ್ರ 'ಆಮೇಲೇನಾಯ್ತು?' ಎಂದು ಕೇಳುವವರಿದ್ದಾರೆ.

ಮಕ್ಕಳು ದೂರದ ಊರುಗಳಲ್ಲಿ ಇರುವ ವೃದ್ಧರಿಗೆ ಈ 'ಆಮೇಲೇನಾಯ್ತು?' ಯಾವ ಟಾನಿಕ್ಕಿಗೂ ಕಡಿಮೆಯಲ್ಲ. ಇದು ನನ್ನ ಊಹೆ ಮಾತ್ರವಲ್ಲ. ಅಮೆರಿಕದಲ್ಲಿ 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೃದ್ರೋಗಕ್ಕೆ ಚಿಕಿತ್ಸೆ ಪಡೆದು ಮನೆಗೆ ಹೋದ 92 ರೋಗಿಗಳನ್ನು ಒಂದು ವರ್ಷ ಗಮನಿಸಲಾಯಿತು. ಸಾಕುಪ್ರಾಣಿ ಇದ್ದ 53 ಮಂದಿಯಲ್ಲಿ ತೀರಿಕೊಂಡವರು 3. ಇಲ್ಲದ 39 ಮಂದಿಯಲ್ಲಿ 11. ಸ್ವೀಡನ್ ದೇಶದಲ್ಲಿ 34 ಲಕ್ಷ ಜನರ ದಾಖಲೆಗಳನ್ನು ಸುಮಾರು 12 ವರ್ಷಗಳ ಅವಧಿಗೆ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂಟಿಯಾಗಿ ವಾಸಿಸುವವರಲ್ಲಿ ನಾಯಿ ಸಾಕಿದವರ ಸಾವಿನ ಪ್ರಮಾಣ ಸಾಕದವರಿಗಿಂತ ಶೇ. 33ರಷ್ಟು ಕಡಿಮೆ ಇತ್ತು.

ಇದನ್ನು ಓದಿ ನಾಳೆಯೇ ನಾಯಿ ತರಲು ಓಡಬೇಡಿ. ನಡೆಯಲು ಶಕ್ತಿ ಇರುವವರೇ ನಾಯಿ ಸಾಕುತ್ತಾರೆ ಎಂಬ ಸಾಧ್ಯತೆಯೂ ಇದೆ. ಇಂತಹ ಅಂಕಿಗಳು ನಾಯಿಯೇ ಆಯುಸ್ಸು ಕೊಟ್ಟಿತೆಂದು ರುಜುವಾತು ಮಾಡುವುದಿಲ್ಲ. ಆದರೆ 'ದಿನಾ ಅರ್ಧ ಗಂಟೆ ನಡೆಯಿರಿ' ಎಂಬ ವೈದ್ಯರ ಮಾತನ್ನು ಮಳೆ ಬಂದರೆ ಮರೆಯುವ ನಾವು, ಬಾಗಿಲ ಬಳಿ ಸರಪಳಿ ಕಚ್ಚಿಕೊಂಡು ನಿಂತ ನಾಯಿಯ ಮಾತನ್ನು ಮೀರಲಾರೆವು ಎಂಬುದಂತೂ ನಿಜ.

ಆತಂಕಗಳಿಗೆ ಸರಿಯಾದ ಮದ್ದು

ನಾಯಿ ಸಾಕಿದವರ ಆತಂಕಗಳೂ ಈ ಬೀದಿ ಸಂಘದಲ್ಲೇ ಹಂಚಿಕೆಯಾಗುತ್ತವೆ. ಎರಡು ದಿನದಿಂದ ಅನ್ನ ಮುಟ್ಟಿಲ್ಲ, ಕಿವಿಯಲ್ಲಿ ಉಣ್ಣೆ ಕಚ್ಚಿಕೊಂಡಿದೆ, ದೀಪಾವಳಿಯ ಪಟಾಕಿಗೆ ಮಂಚದಡಿ ಸೇರಿದ್ದು ಹೊರಗೆ ಬರುತ್ತಿಲ್ಲ ಎಂದು ಒಬ್ಬರು ಹೇಳಿದರೆ ನಾಲ್ವರು ಉಪಾಯ ಹೇಳುತ್ತಾರೆ. ಅನುಭವದ ಮಾತು ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ. ಆದರೆ ಕೆಲವು ಉಪಾಯಗಳು ಪ್ರಾಣಕ್ಕೆ ಕುತ್ತಾಗುವಂಥವು. ಆದ್ದರಿಂದ ನಾಲ್ಕು ಮಾತು ಹೇಳಲೇಬೇಕು.

ನಿಮಗೆಂದು ನಾನು ಬರೆದುಕೊಟ್ಟ ಮಾತ್ರೆಯನ್ನು ನಾಯಿಗೆ ಕೊಡಬೇಡಿ. ನಮಗೆ ಜ್ವರ, ನೋವು ಇಳಿಸುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳು ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಹಾಳುಮಾಡಬಲ್ಲವು. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ಕೂಡ ಅದಕ್ಕೆ ವಿಷ. ಹಬ್ಬದ ದಿನ ಪ್ರೀತಿಯಿಂದ ಹಾಕುವ ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ ಎಂಬುದು ನೆನಪಿರಲಿ.

ಮರಿಗೆ ಆರರಿಂದ ಎಂಟು ವಾರವಾದಾಗಲೇ ಲಸಿಕೆ ಆರಂಭಿಸಬೇಕು. ವಾಂತಿ ಮತ್ತು ರಕ್ತ ಭೇದಿಯಿಂದ ಮರಿಗಳನ್ನು ಒಂದೆರಡು ದಿನದಲ್ಲೇ ಬಲಿ ತೆಗೆದುಕೊಳ್ಳುವ ಪಾರ್ವೊ ರೋಗಕ್ಕೆ ಲಸಿಕೆಯೇ ರಕ್ಷಣೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ತಪ್ಪದೆ ಮುಂದುವರಿಸಬೇಕು. ಜಂತುಹುಳುವಿನ ಔಷಧಿ ನಾಯಿಗಷ್ಟೇ ಅಲ್ಲ, ಅದರೊಡನೆ ಆಡುವ ನಿಮ್ಮ ಮಕ್ಕಳ ಆರೋಗ್ಯಕ್ಕೂ ಬೇಕು. ಇಲಿ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ನಾಯಿಗೂ ಬರುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗುಲಬಹುದು. ಗೂಡು ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬಾರದು.

ಕೊನೆಯದಾಗಿ ಕಚ್ಚಿದ ಗಾಯ. 'ನಮ್ಮದೇ ನಾಯಿ, ಆಟಕ್ಕೆ ಕಚ್ಚಿತು' ಎಂದು ಮೂರು ದಿನ ಬಿಟ್ಟು ಬರುವವರನ್ನು ಇಂದಿಗೂ ನೋಡುತ್ತೇನೆ. ಗಾಯಕ್ಕೆ ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಮೆತ್ತುವ ಪದ್ಧತಿಯೂ ಪೂರ್ತಿ ಹೋಗಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ಅಂದೇ ವೈದ್ಯರ ಬಳಿಗೆ ಬನ್ನಿ. ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಮುಗಿದು ಎರಡು ದಶಕಗಳಾದವು. ಈಗ ತೋಳಿಗೆ ಕೊಡುವ ನಾಲ್ಕೈದು ಇಂಜೆಕ್ಷನ್‌ಗಳು ಸಾಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಸಕಾಲದಲ್ಲಿ ಬಂದರೆ ತಪ್ಪಿಸಬಹುದಾದ ಸಾವು ಇದು.

ನೆರೆಯವರ ಭಯವನ್ನೂ ಗೌರವಿಸಬೇಕು. ಬಾಲ್ಯದಲ್ಲಿ ಕಚ್ಚಿಸಿಕೊಂಡವರಿಗೆ, ನಾಯಿಯ ಸಂಗದಲ್ಲಿ ಉಬ್ಬಸ ಕೆರಳುವವರಿಗೆ 'ನಮ್ಮದು ಏನೂ ಮಾಡಲ್ಲ' ಎಂಬ ಮಾತು ಸಮಾಧಾನ ಕೊಡುವುದಿಲ್ಲ. ಸರಪಳಿ ಕೈಯಲ್ಲಿರಲಿ, ಅದು ಮಾಡಿದ ಗಲೀಜನ್ನು ನೀವೇ ತೆಗೆಯಿರಿ.

ಮನ್ನಣೆ ಸಿಗದ ದುಃಖ

ಸಾಕುನಾಯಿಯ ಆಯುಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ದೊಡ್ಡ ಜಾತಿಯವಾದರೆ ಇನ್ನೂ ಕಡಿಮೆ. ಹಾಗಾಗಿ ನಾಯಿ ಸಾಕಿದ ಮನೆ ಒಂದಲ್ಲ ಒಂದು ದಿನ ಆ ಸಾವನ್ನು ಕಾಣಲೇಬೇಕು. ಮಗು ಒಂದನೇ ತರಗತಿಯಲ್ಲಿದ್ದಾಗ ಬಂದ ಮರಿ, ಆ ಹುಡುಗ ಕಾಲೇಜಿಗೆ ಸೇರುವ ಹೊತ್ತಿಗೆ ಮುದಿಯಾಗಿ ಕಣ್ಣು ಮಂಜಾಗಿ ಗೋಡೆಗೆ ಹಾಯುತ್ತಿರುತ್ತದೆ.

ಮನುಷ್ಯ ಸತ್ತರೆ ನೆಂಟರು ಬರುತ್ತಾರೆ, ಕಚೇರಿಯಲ್ಲಿ ರಜೆ ಸಿಗುತ್ತದೆ, ಹನ್ನೊಂದನೇ ದಿನ, ಹದಿಮೂರನೇ ದಿನ ಎಂದು ಅಳುವುದಕ್ಕೂ ಅಳು ನಿಲ್ಲಿಸುವುದಕ್ಕೂ ಒಂದು ದಾರಿ ಇದೆ. ನಾಯಿ ಸತ್ತರೆ ಇದಾವುದೂ ಇಲ್ಲ. 'ಬರೀ ನಾಯಿ ತಾನೆ, ಇನ್ನೊಂದು ತಂದರಾಯಿತು' ಎಂಬ ಮಾತು ಮಾತ್ರ ಸಿಗುತ್ತದೆ. ಸಮಾಜ ದುಃಖವೆಂದೇ ಒಪ್ಪದ ಇಂಥ ದುಃಖಗಳ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಹೇಳಿಕೊಳ್ಳಲಾಗದ ದುಃಖ ಕರಗುವುದು ತಡ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತು.

ದೇಹವೂ ಇದನ್ನು ಸಣ್ಣದೆಂದು ಭಾವಿಸುವುದಿಲ್ಲ. ತೀವ್ರ ಆಘಾತವಾದಾಗ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋತು, ಹೃದಯಾಘಾತದಂತೆಯೇ ಎದೆನೋವು ಬರುವ ಒಂದು ಸ್ಥಿತಿ ಇದೆ. ಜಪಾನಿನ ವೈದ್ಯರು 1990ರಲ್ಲಿ ಇದಕ್ಕೆ ಟಾಕೊಟ್ಸುಬೊ ಎಂದು ಹೆಸರಿಟ್ಟರು. ಜನರು ಕರೆಯುವುದು 'ಒಡೆದ ಹೃದಯ' ಎಂದು. ಸಾಕಿದ ನಾಯಿಯ ಸಾವಿನ ನಂತರ ಇದೇ ತೊಂದರೆಯಿಂದ ಆಸ್ಪತ್ರೆ ಸೇರಿ, ಚೇತರಿಸಿಕೊಂಡ ಅಮೆರಿಕದ ಮಹಿಳೆಯೊಬ್ಬರ ವಿವರ 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದಿತ್ತು.

ಇದು ಅಪರೂಪದ ಮಾತಾಯಿತು. ದಿನನಿತ್ಯ ಕಾಣುವುದು ಬೇರೆ. ನನ್ನ ಬಳಿ ಬರುವ ಒಬ್ಬ ನಿವೃತ್ತ ಮೇಷ್ಟ್ರು ಮಧುಮೇಹವನ್ನು ವರ್ಷಗಟ್ಟಲೆ ಹತೋಟಿಯಲ್ಲಿ ಇಟ್ಟುಕೊಂಡಿದ್ದರು. ಮೂರು ತಿಂಗಳಲ್ಲಿ ಇದ್ದಕ್ಕಿದ್ದಂತೆ ಸಕ್ಕರೆ ಏರಿತು. ಮಾತ್ರೆ ಅದೇ, ಊಟವೂ ಅದೇ. ಕೆದಕಿ ಕೇಳಿದಾಗ, ನಾಯಿ ಸತ್ತಿದೆ, ಅಂದಿನಿಂದ ಬೆಳಗಿನ ನಡಿಗೆ ನಿಂತಿದೆ ಎಂದು ತಿಳಿಯಿತು. 'ಖಾಲಿ ಕೈಲಿ ಆ ರಸ್ತೆಗೆ ಹೋಗೋಕೆ ಆಗಲ್ಲ ಡಾಕ್ಟ್ರೇ' ಎಂದರು. ಅದನ್ನು ಹೇಳಲೂ ಅವರಿಗೆ ಸಂಕೋಚ. ನಾನು ಮಾತ್ರೆ ಹೆಚ್ಚಿಸುವ ಮೊದಲು, ಅವರೊಡನೆ ನಡೆಯುತ್ತಿದ್ದ ಇನ್ನೊಬ್ಬ ನಾಯಿ ಯಜಮಾನರಿಗೆ ಅವರ ಒಪ್ಪಿಗೆ ಪಡೆದು ಹೇಳಿಕಳಿಸಿದೆ. ಅವರು ಮರುದಿನವೇ ಗೇಟಿನ ಬಳಿ ಬಂದು, 'ಇವನನ್ನು ಸ್ವಲ್ಪ ಹಿಡಿದುಕೊಳ್ಳಿ ಸಾರ್, ನನಗೆ ಮಂಡಿ ನೋವು' ಎಂದು ತಮ್ಮ ನಾಯಿಯ ಸರಪಳಿ ಕೊಟ್ಟರಂತೆ. ಮೇಷ್ಟ್ರು ಮತ್ತೆ ನಡೆಯತೊಡಗಿದರು, ಸಕ್ಕರೆಯೂ ನಿಧಾನವಾಗಿ ಇಳಿಯಿತು.

'ಮನುಷ್ಯರ ಕಷ್ಟಕ್ಕೇ ಕಣ್ಣೀರು ಸಾಲದಿರುವಾಗ ನಾಯಿಗೆ ಅಳುವುದೇ?' ಎಂಬ ಆಕ್ಷೇಪಣೆ ಕೇಳಿದ್ದೇನೆ. ಕಣ್ಣೀರು ರೇಷನ್ ಅಂಗಡಿಯ ಸೀಮೆಎಣ್ಣೆಯಲ್ಲ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗಲು. ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಧರ್ಮರಾಯನನ್ನು ನಾವು ಯಾರೂ ಹುಚ್ಚನೆಂದು ಕರೆದಿಲ್ಲ.

ಏನು ಮಾಡಬೇಕು?

ಮನೆಯಲ್ಲಿ ಮಕ್ಕಳಿದ್ದರೆ ನಿಜ ಹೇಳಿ. 'ಎಲ್ಲೋ ಓಡಿಹೋಯಿತು' ಎಂದರೆ ಮಗು ತಿಂಗಳುಗಟ್ಟಲೆ ಗೇಟಿನ ಬಳಿ ಕಾಯುತ್ತದೆ. 'ನಿದ್ದೆ ಹೋಗಿದೆ' ಎಂದರೆ ತಾನು ಮಲಗಲು ಹೆದರಬಹುದು. ಅನೇಕ ಮಕ್ಕಳಿಗೆ ಇದು ಮೊದಲ ಸಾವು. ಅವು ಅಳಲಿ, ಬೇಕಾದರೆ ಗುಂಡಿಗೆ ಒಂದು ಹೂವು ಹಾಕಲಿ.

ವಾಸಿಯಾಗದ ನೋವಿನಲ್ಲಿ ನರಳುವ ನಾಯಿಗೆ ಪಶುವೈದ್ಯರ ಸಲಹೆಯಂತೆ ಇಂಜೆಕ್ಷನ್ ಕೊಡಿಸಿ ಕಳುಹಿಸಿಕೊಟ್ಟವರು 'ನಾನೇ ಕೊಂದೆನೇ?' ಎಂದು ಕೊರಗುತ್ತಾರೆ. ಅದರ ನೋವನ್ನು ನಿಲ್ಲಿಸಿದ್ದು ನೀವು. ಆ ನಿರ್ಧಾರವನ್ನು ಮನೆಯ ಒಬ್ಬರ ತಲೆಗೇ ಕಟ್ಟದೆ ಎಲ್ಲರೂ ಕೂತು ಮಾಡುವುದು ಒಳ್ಳೆಯದು.

ಮರುವಾರವೇ ಹೊಸ ಮರಿ ತಂದು ಮಡಿಲಲ್ಲಿ ಹಾಕುವ ಆತುರ ಬೇಡ. ಬೇಕೆನ್ನಿಸಿದಾಗ ಅವರೇ ಕೇಳುತ್ತಾರೆ. ಎಪ್ಪತ್ತು ದಾಟಿದವರು ತರುವ ಮುನ್ನ, ತಮಗೆ ಆಗದಿದ್ದರೆ ನೋಡಿಕೊಳ್ಳುವವರು ಯಾರು ಎಂಬುದನ್ನೂ ಮಾತಾಡಿಕೊಂಡಿರಬೇಕು. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಿ. ಕಾರಣ ನಾಯಿ ಎಂದು ಹೇಳಲು ನಾಚಿಕೆ ಬೇಡ. ಎದೆನೋವು ಬಂದರಂತೂ 'ದುಃಖಕ್ಕೆ' ಎಂದು ನೀವೇ ತೀರ್ಮಾನಿಸದೆ ಕೂಡಲೇ ಆಸ್ಪತ್ರೆಗೆ ಹೋಗಿ.

ನಿಮ್ಮ ಬೀದಿಯಲ್ಲಿ ದಿನವೂ ನಾಯಿಯೊಡನೆ ಕಾಣುತ್ತಿದ್ದವರು ನಾಲ್ಕು ದಿನದಿಂದ ಕಾಣದಿದ್ದರೆ, ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಬಾಗಿಲು ತಟ್ಟಿ ವಿಚಾರಿಸಿ.