ದೀಪದ ಎಣ್ಣೆ ಯಾರದು?

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ಹಳೆಯ ತಮಿಳು ಶಾಸನಗಳಿವೆ. ಊರು ಅವುಗಳಲ್ಲಿ ತೊಂಬಲೂರು, ದೇಶಿಮಾಣಿಕ್ಯಪಟ್ಟಣ. ಅಳಗಿಯಾರ್ ಎಂಬಾತ ಬಾಗಿಲಿಗೆ ಎರಡು ಕಂಬ ಕೊಟ್ಟ ಎನ್ನುತ್ತದೆ ಒಂದು. ಇನ್ನೊಂದರಲ್ಲಿ ಗಂಡಹೆಂಡತಿ ಒಂದು ಹಳ್ಳಿ, ಒಂದು ಕೆರೆಯ ಹುಟ್ಟುವಳಿಯನ್ನು ದೇವರಿಗೆ ಬಿಟ್ಟುಕೊಟ್ಟಿದ್ದಾರೆ. ಹೊಯ್ಸಳ ರಾಮನಾಥ ತೆರಿಗೆ ಮನ್ನಾ ಮಾಡಿದ್ದೂ ಇದೆ. ನಂಬಿಕೆ ಎಂದರೆ ಕೊಡುವುದು, ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆದಿಡುವುದು.

ಕನ್ನಡದಲ್ಲಿ ಫ್ಯಾಂಟಸಿ ಬರೆಯಲು ಹೊರಟ ಹುಡುಗ ಹುಡುಗಿಯರ ಹಸ್ತಪ್ರತಿಗಳನ್ನು ಓದುವಾಗ ನನಗೆ ಈ ಕಂಬಗಳು ನೆನಪಾಗುತ್ತವೆ. ಅವರ ದೇವತೆಗಳಿಗೆ ಆಯುಧವಿದೆ, ವಂಶಾವಳಿಯಿದೆ, ಮಿಂಚು ಗುಡುಗಿದೆ. ಹರಕೆ ಹೊತ್ತವರಿಲ್ಲ, ತಪ್ಪುಕಾಣಿಕೆ ಕಟ್ಟಿದವರಿಲ್ಲ, ಆ ದೇವತೆಗಳ ಗುಡಿಯ ದೀಪಕ್ಕೆ ಎಣ್ಣೆ ಯಾರ ಮನೆಯಿಂದ ಬರುತ್ತದೆಂಬುದೂ ತಿಳಿಯುವುದಿಲ್ಲ. ಪುರಾಣದಿಂದ ಹೆಸರು ಬಂದಿದೆ, ಋಣ ಬಂದಿಲ್ಲ.

ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಆ ಋಣ ಇದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಬೆಳೆದ ನಾಟಕ ಅದು. ಮನೆಗಳಲ್ಲಿ ಆರಿಸಿದ ದೀಪಗಳ ಜ್ವಾಲೆಗಳು ರಾತ್ರಿ ಪಾಳುಗುಡಿಯಲ್ಲಿ ಸೇರಿ ಮಾತಾಡುತ್ತವೆ. ಅದೇ ಗುಡಿಯಲ್ಲಿ ಒಬ್ಬ ನಾಟಕಕಾರ ಒಂದು ರಾತ್ರಿ ಎಚ್ಚರವಿದ್ದರೆ ಬದುಕುತ್ತಾನೆ, ನಿದ್ದೆ ಹೋದರೆ ಸಾಯುತ್ತಾನೆ. ಊರ ಪಂಚರ ಮುಂದೆ ನಾಟಕದ ನಾಯಕಿ ರಾಣಿ ಹುತ್ತಕ್ಕೆ ಕೈಯಿಟ್ಟು, ಹಾವನ್ನು ಹಿಡಿದು ಆಣೆ ಮಾಡುತ್ತಾಳೆ: ತನ್ನ ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾವ ಗಂಡನ್ನೂ ಮುಟ್ಟಿಲ್ಲವೆಂದು. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ, ಹಾವು ಕಚ್ಚುವುದಿಲ್ಲ, ಊರು ಅವಳ ಕಾಲಿಗೆ ಬೀಳುತ್ತದೆ. ಆಣೆ ಇಟ್ಟ ಮಾತು ಅಕ್ಷರಕ್ಕೆ ಕಟ್ಟುಬೀಳುತ್ತದೆಂಬ ನಮ್ಮ ಹಳ್ಳಿಗಳ ನಂಬಿಕೆಯೇ ಇಲ್ಲಿ ಇಡೀ ಕತೆಯನ್ನು ನಡೆಸುತ್ತದೆ. ಹಾವು ಗಂಡನ ರೂಪ ತಾಳಿದ್ದನ್ನು ನಾವು ಒಪ್ಪುವುದೂ ಅದರಿಂದಲೇ.

2022ರ ‘ಕಾಂತಾರ’ ಚಿತ್ರದ ಬುಡದಲ್ಲಿಯೂ ಒಂದು ಒಪ್ಪಂದವಿದೆ. ನೆಮ್ಮದಿಗಾಗಿ ದೈವದ ಕಲ್ಲನ್ನು ಪಡೆದ ಅರಸ ಭೂಮಿಯನ್ನು ಜನರಿಗೆ ಬಿಟ್ಟುಕೊಡುತ್ತಾನೆ, ಮುಂದೆ ಅವನ ವಂಶದವರು ಮಾತು ತಪ್ಪುತ್ತಾರೆ. ಆದರೆ 2025ರಲ್ಲಿ ಎರಡನೆಯ ಚಿತ್ರ ಬಂದಾಗ ಕೆಲವರು ದೈವದ ವೇಷ ಕಟ್ಟಿ ಚಿತ್ರಮಂದಿರಕ್ಕೆ ಬಂದರು. ಅನುಕರಿಸಬೇಡಿ ಎಂದು ಚಿತ್ರತಂಡವೇ ಬೇಡಿಕೊಳ್ಳಬೇಕಾಯಿತು. ತುಳುನಾಡಿನ ನಲಿಕೆ, ಪರವ, ಪಂಬದ ಸಮುದಾಯಗಳು ವ್ರತ ಹಿಡಿದು, ಹಿರಿಯರಿಂದ ಕಲಿತು ಕಟ್ಟುವ ವೇಷವದು. ಬರೆಯುವವರು ಅವರ ಮನೆಯಂಗಳಕ್ಕೆ ಹೋಗಿ ಕೂತು, ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಮೊದಲು ಕೇಳಬೇಕು. ಇದರಿಂದ ಕಲ್ಪನೆಗೆ ಕಡಿವಾಣ ಬೀಳುತ್ತದೆಂದು ನನಗೆ ಅನ್ನಿಸುವುದಿಲ್ಲ.

ಬೆಂಗಳೂರಿನ ಕರಗ ಉತ್ಸವವನ್ನೇ ನೋಡಿ. ಮಹಾಭಾರತ ಯುದ್ಧ ಮುಗಿದ ಮೇಲೂ ಅದನ್ನು ನಡೆಸುವ ತಿಗಳ ಸಮುದಾಯದ ಕತೆ ಮುಗಿದಿಲ್ಲ. ತಿಮಿರಾಸುರ ಬರುತ್ತಾನೆ, ಶಕ್ತಿರೂಪದ ದ್ರೌಪದಿ ವೀರಕುಮಾರರನ್ನು ಹುಟ್ಟಿಸುತ್ತಾಳೆ. ಇದಕ್ಕಿಂತ ದೊಡ್ಡ ಫ್ಯಾಂಟಸಿ ಬೇಕೆ? ಚೈತ್ರ ಹುಣ್ಣಿಮೆಯ ರಾತ್ರಿ ಕತ್ತಿ ಹಿಡಿದ ವೀರಕುಮಾರರ ನಡುವೆ, ಮಲ್ಲಿಗೆ ಹೊದ್ದ ಕರಗವನ್ನು ಕೈ ಹಚ್ಚದೆ ತಲೆಯ ಮೇಲೆ ಹೊತ್ತವರು ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತಾರೆ. ಕರಗದೊಳಗೆ ಏನಿದೆ ಎಂಬುದನ್ನು ಹೊರಗಿನವರಿಗೆ ಹೇಳುವುದಿಲ್ಲ. ನಾಳೆ ಯಾರಾದರೂ ಇದನ್ನು ಕಾದಂಬರಿಯಾಗಿ ಬರೆದರೆ, ನೂರು ಅಸುರರನ್ನು ಹುಟ್ಟಿಸಲಿ, ಆ ಕರಗವನ್ನು ಮಾತ್ರ ಮುಚ್ಚಿದಂತೆಯೇ ಇಡಲಿ.