ಕೆಟ್ಟ ಬಟ್ಟಲೂ ರೆಕಾರ್ಡಿಗೆ ಸೇರಲಿ

ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇದುವರೆಗೆ ಯಾರ ಟೈಟ್ರೇಶನ್ನೂ ತಪ್ಪಾಗಿಲ್ಲ. ಬೇಕಿದ್ದರೆ ರೆಕಾರ್ಡ್ ತೆರೆದು ನೋಡಿ, ಎಲ್ಲರದ್ದೂ ಮೂರು ರೀಡಿಂಗ್ ಒಂದೇ. ನನ್ನದೂ ಹಾಗೆಯೇ. ಕಳೆದ ವರ್ಷ ಸೀನಿಯರ್ ಅಕ್ಕನ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡೇ ಬರೆದದ್ದು. ಇದು ಸರಿಯಲ್ಲ ಅನಿಸಿದ್ದು ಲ್ಯಾಬಿನಲ್ಲಲ್ಲ, ರಜೆಯಲ್ಲಿ ಖಾಲಾ ಜೊತೆ ಹೋದ ಕುಂಬಾರಿಕೆ ತರಗತಿಯಲ್ಲಿ.

ಅಲ್ಲಿ ನಾನು ಮಾಡಿದ ಬಟ್ಟಲು ಒಮ್ಮೆ ಸುಟ್ಟು ಬಂದಿತ್ತು. ಇನ್ನು ಗ್ಲೇಜ್ ಹಾಕಬೇಕು. ಗ್ಲೇಜ್ ಎಂದರೆ ಪೇಂಟ್ ಅಲ್ಲ, ಬೆಂಕಿಯಲ್ಲಿ ಕರಗಿ ಗಾಜಾಗುವ ಪುಡಿ. ಅದರಲ್ಲಿ ಸಿಲಿಕಾ ಇರುತ್ತದೆ, ಅದನ್ನು ಬೇಗ ಕರಗಿಸುವ ಆಕ್ಸೈಡುಗಳಿರುತ್ತವೆ, ಕರಗಿದ್ದು ಹರಿದುಹೋಗದಂತೆ ಹಿಡಿಯಲು ಅಲ್ಯೂಮಿನಾ ಇರುತ್ತದೆ. ನೀರಲ್ಲಿ ಕಲಸಿದರೆ ಗಟ್ಟಿ ಮಜ್ಜಿಗೆಯಂತೆ ಕಾಣುತ್ತದೆ. ಎರಡು ಗ್ಲೇಜುಗಳನ್ನು ಒಂದರ ಮೇಲೊಂದು ಹಾಕಿದರೆ ಸೇರಿದ ಕಡೆ ಮೂರನೆಯ ಬಣ್ಣವೇ ಬರಬಹುದು ಎಂದರು. ನನಗೆ ಆಸೆ ಹೆಚ್ಚಾಯಿತು. ಮೊದಲನೆಯದು ಒಣಗುವ ಮುಂಚೆಯೇ ಎರಡನೆಯದನ್ನು ಬುಡದವರೆಗೂ ದಪ್ಪಗೆ ಬಳಿದೆ. ಧೂಳನ್ನು ಒದ್ದೆ ಸ್ಪಂಜಿನಿಂದ ಒರೆಸಿಕೋ ಎಂದಿದ್ದರು, ಅದನ್ನೂ ಮಾಡಲಿಲ್ಲ.

ಭಟ್ಟಿ ತೆರೆದಾಗ ಬಟ್ಟಲು ಕೆಳಗಿನ ತಟ್ಟೆಗೆ ಅಂಟಿಕೊಂಡಿತ್ತು. ಒಂದು ಕಡೆ ಗ್ಲೇಜ್ ಮುದುಡಿಕೊಂಡು ಬರೀ ಮಣ್ಣು ಕಾಣುತ್ತಿತ್ತು. ಕಲಿಸುವವರು ಬೈಯಲಿಲ್ಲ, ನೋಟ್‌ಬುಕ್ ಕೊಟ್ಟು ಬರೆಸಿದರು: ಯಾವುದು ಕೆಳಗೆ, ಯಾವುದು ಮೇಲೆ, ಎಷ್ಟು ದಪ್ಪ, ಭಟ್ಟಿಯಲ್ಲಿ ಎಲ್ಲಿ ಇಟ್ಟಿದ್ದು. ಎರಡು ಗ್ಲೇಜ್ ಬೆರೆತಾಗ ಒಂದೊಂದೇ ಕರಗುವುದಕ್ಕಿಂತ ಕಡಿಮೆ ಬಿಸಿಗೇ ಕರಗಿ ಹರಿಯುವುದುಂಟಂತೆ. ಅದಕ್ಕೇ ಮೇಲಿನ ಪದರ ತೆಳ್ಳಗಿರಬೇಕು, ಬುಡದಲ್ಲಿ ಜಾಗ ಬಿಡಬೇಕು. ಅವರ ಗೋಡೆಯ ತುಂಬ ಪರೀಕ್ಷೆಗೆ ಸುಟ್ಟ ಸಣ್ಣ ಬಿಲ್ಲೆಗಳಿದ್ದವು. ಅರ್ಧಕ್ಕರ್ಧ ಕೆಟ್ಟವು. ಅವರು ಹೆಚ್ಚು ಹೊತ್ತು ನೋಡುತ್ತಿದ್ದುದು ಅವನ್ನೇ.

ವಿಜ್ಞಾನ ದಿನ ಬಂದರೆ ನಾವು ಜಾಬಿರ್ ಇಬ್ನ್ ಹಯ್ಯಾನ್, ಇಬ್ನುಲ್ ಹೈಸಮ್ ಅವರ ಪೋಸ್ಟರ್ ಅಂಟಿಸುತ್ತೇವೆ. ಒಳ್ಳೆಯದೇ. ಆದರೆ 9ನೇ ಶತಮಾನದ ಬಸ್ರಾದ ಕುಂಬಾರರ ನೆನಪು ಯಾರಿಗಿದೆ? ಸಾಧಾರಣ ಮಣ್ಣಿನ ಮೇಲೆ ತವರದ ಆಕ್ಸೈಡ್ ಬೆರೆಸಿದ ಬಿಳಿ ಗ್ಲೇಜ್, ಅದು ಸುಟ್ಟ ಮೇಲೆ ಬೆಳ್ಳಿ, ತಾಮ್ರದ ಸಂಯುಕ್ತಗಳಿಂದ ಚಿತ್ರ, ಮತ್ತೆ ಗಾಳಿ ಕಡಿಮೆ ಮಾಡಿ ಹೊಗೆಯಲ್ಲಿ ಇನ್ನೊಮ್ಮೆ ಸುಡುವುದು. ಆಗ ಲೋಹದ ಹೊಳಪು ಬರುತ್ತದೆ. ಅದನ್ನು ಸಾಧಿಸುವ ಮೊದಲು ಎಷ್ಟು ಪಾತ್ರೆ ಕೆಟ್ಟಿರಬೇಕು! 1301ರಲ್ಲಿ ಕಾಶಾನಿನ ಕುಂಬಾರ ಮನೆತನದ ಅಬುಲ್ ಕಾಸಿಂ ಈ ಕೆಲಸದ ವಿಧಾನಗಳನ್ನು ಫಾರ್ಸಿಯಲ್ಲಿ ಬರೆದಿಟ್ಟರು. 1472ರ ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಬಣ್ಣದ ಹೆಂಚುಗಳೂ ಗ್ಲೇಜ್ ಹಾಕಿ ಸುಟ್ಟವೇ.

ನನ್ನ ಕೋರಿಕೆ ಸಣ್ಣದು. ರೆಕಾರ್ಡಿನಲ್ಲಿ ಪ್ರತಿ ಪ್ರಯೋಗಕ್ಕೂ ತಪ್ಪಿದ ರೀಡಿಂಗಿಗೆ ಅರ್ಧ ಪುಟ ಇರಲಿ, ಅದಕ್ಕೆ ಮಾರ್ಕ್ಸ್ ಕಡಿಯದಿರಲಿ. ಎಕ್ಸ್‌ಟರ್ನಲ್ ನೋಡಿದರೆ ಏನು ಗತಿ ಎಂದು ಗೆಳತಿಯರು ಹೆದರುತ್ತಾರೆ. ಹೆದರಿಕೆ ನ್ಯಾಯವಾದದ್ದೇ. ಅದಕ್ಕೇ ಲೆಕ್ಚರರ್‌ಗಳು ಮೊದಲು ಒಪ್ಪಬೇಕು ಎನ್ನುವುದು.

ಈ ವಾರದ ರೀಡಿಂಗ್ ನಾನು ಬಂದಂತೆಯೇ ಬರೆದಿದ್ದೇನೆ: 9.8, 11.2, 9.9. ಬ್ಯೂರೆಟ್ ಮುಚ್ಚುವಾಗ ಕೈ ತಡವಾಯಿತು ಎಂದೂ ಕೆಳಗೆ ಬರೆದಿದ್ದೇನೆ. ಸರ್ ಇನ್ನೂ ಸಹಿ ಹಾಕಿಲ್ಲ.